ವರ್ಣವನ್ನ ಕೊನೆಯಿಂದ ಕಲಿತೆ: ಸಿನಿಮಾ ಮಗು ಡ್ಯಾನ್ಸರ್ ಆದ ನನ್ನ ಅನುಭವ

ಹೋದ ತಿಂಗಳು ಮೈಸೂರಲ್ಲಿ ಸುಮಾರು 40 ನಿಮಿಷದ ವರ್ಣ (ಭರತನಾಟ್ಯ ಕಛೇರಿಯಲ್ಲಿ ಬರೋ ಉದ್ದನೆಯ, ಕಷ್ಟದ ನೃತ್ಯ) ಎಲ್ಲೂ ಎಡವದೆ ಮುಗಿಸಿದೆ. ‘ತುಂಡು ತುಂಡು ಮಾಡ್ಕೊಂಡು ನಾಟ್ಯ ಕಲಿಯೋಕಾಗಲ್ಲಮ್ಮ, ಇದೇನ್ ಶೂಟಿಂಗಾ’ ಅಂತ ಹಿಂದೊಮ್ಮೆ ಹೇಳಿದ್ದ ಹಿರಿಯರೊಬ್ಬರು ಎರಡನೇ ಸಾಲಲ್ಲೇ ಕೂತಿದ್ರು, ಮುಗಿದ ಮೇಲೆ ಗ್ರೀನ್ ರೂಮಿಗೆ ಬಂದು ಚರಣಕ್ಕೆ, ಅಂದ್ರೆ ವರ್ಣದ ಕೊನೇ ಭಾಗಕ್ಕೆ, ಬಂದ್ರೂ ನಿನ್ನ ಅರಮಂಡಿ (ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂತ ಭಂಗಿ) ಯಾಕೆ ಮೇಲೇಳಲಿಲ್ಲ ಅಂತ ಕೇಳಿದ್ರು. ಅದಕ್ಕೇ ಬರೀತಿದೀನಿ.

5ನೇ ವಯಸ್ಸಿಂದ 11ರ ತನಕ ಹದಿಮೂರೋ ಹದಿನಾಲ್ಕೋ ಕನ್ನಡ ಸಿನಿಮಾ ಮಾಡಿದೀನಿ, ಟೈಟಲ್ಲಲ್ಲಿ ಹೆಸರಿನ ಮುಂದೆ ‘ಬೇಬಿ’ ಅಂತ ಬರೋದು. ಆಗ ರೀಲಿನ ಕಾಲ. 400 ಅಡಿ ಫಿಲ್ಮ್ ಡಬ್ಬ ಅಂದ್ರೆ ನಾಲ್ಕೂವರೆ ನಿಮಿಷನೂ ಬರಲ್ಲ, ಮಗು ಟೇಕ್ ಮೇಲೆ ಟೇಕ್ ತಗೊಂಡ್ರೆ ಮ್ಯಾನೇಜರ್ ಮುಖ ಕೆಂಪಾಗೋದು. ಹಾಗಾಗಿ ಹತ್ತು ಸೆಕೆಂಡು ಉಸಿರು ಹಿಡಿದು ಪೂರ್ತಿ ಕೊಡೋದು, ‘ಕಟ್’ ಅಂದ ತಕ್ಷಣ ಮೈ ಬಿಟ್ಟುಬಿಡೋದು, ಇದು ರಕ್ತಕ್ಕೇ ಇಳಿದುಬಿಟ್ಟಿತ್ತು. ದಿನಕ್ಕೆ ಐನೂರು ಕೊಡ್ತಿದ್ರು, ಕೊನೇ ಸಿನಿಮಾದ 12 ಸಾವಿರಕ್ಕೆ ಅಮ್ಮ ಗಾಂಧಿನಗರಕ್ಕೆ ಏಳೆಂಟು ಸಲ ಅಲೆದ್ರು, ಇವತ್ತಿಗೂ ಬಂದಿಲ್ಲ. ಆಮೇಲೆ ನಾನು ಉದ್ದ ಬೆಳೆದೆ, ಕರೆಯೋದು ನಿಂತೋಯ್ತು.

ಭರತನಾಟ್ಯ ಶುರು ಮಾಡಿದ್ದು 19ಕ್ಕೆ. ಜೂನಿಯರ್ ಪರೀಕ್ಷೆ ದಿನ ನನ್ನ ಅಕ್ಕಪಕ್ಕ ಹತ್ತು ಹನ್ನೆರಡು ವರ್ಷದ ಮಕ್ಕಳು. ಅಡವು, ಅಂದ್ರೆ ಮೂಲ ಹೆಜ್ಜೆಗಳು, ಬೇಗ ಬಂತು, ಮುಖದ ಅಭಿನಯ ಅಂತೂ ಇದ್ದೇ ಇತ್ತು ಅಂದ್ಕೊಂಡಿದ್ದೆ. ವರ್ಣಕ್ಕೆ ಬಂದಾಗ ಸಿಕ್ಕಿಬಿದ್ದೆ. ಪ್ರತಿ ತೀರ್ಮಾನ (ಒಂದು ಭಾಗ ಮುಗಿಸೋ ಹೆಜ್ಜೆಗಳ ಜೋಡಣೆ) ಮುಗಿದ ತಕ್ಷಣ ನನ್ನ ಭುಜ ಇಳಿಯೋದು. ಟೀಚರ್ ತಟ್ಟುಕೋಲು ಕೆಳಗಿಟ್ಟು, ‘ಯಾರು ಕಟ್ ಅಂದ್ರು ನಿಂಗೆ?’ ಅಂತ ಕೇಳ್ತಿದ್ರು. ಗೊತ್ತಾಗ್ತಿತ್ತು, ಆದ್ರೆ ತಡೆಯೋಕೆ ಆಗ್ತಿರಲಿಲ್ಲ.

2011ರಲ್ಲಿ ರಂಗಪ್ರವೇಶ. ಹಾಲು, ಮೈಕು, ಪಕ್ಕವಾದ್ಯದೋರು, ಮೂರು ಸೆಟ್ ಕಾಸ್ಟ್ಯೂಮು, 350 ಜನಕ್ಕೆ ಟಿಫನ್, ಗುರುದಕ್ಷಿಣೆ ಎಲ್ಲಾ ಸೇರಿ ಎರಡೂ ಮುಕ್ಕಾಲು ಲಕ್ಷದ ಹತ್ರ ಆಯ್ತು, ಅಮ್ಮನ ಎರಡು ಬಳೆ ಅಡ ಇಟ್ವಿ. ಅಷ್ಟೆಲ್ಲ ಮಾಡಿ ವರ್ಣದ ಚರಣದಲ್ಲಿ ನನಗೆ ತಲೆ ಪೂರ್ತಿ ಖಾಲಿ. ಗಾಯಕರು ಅದೇ ಸಾಲನ್ನ ಮೂರು ಸಲ ಎಳೆದು ನನ್ನ ಕಾಪಾಡಿದ್ರು. ನೋಡೋರಿಗೆ ಗೊತ್ತಾಗಲಿಲ್ಲ, ಡ್ಯಾನ್ಸರ್‌ಗಳಿಗೆ ಗೊತ್ತಾಯ್ತು. ‘ಸಿನಿಮಾದೋರಿಗೆ ದಮ್ ಇರಲ್ಲ’ ಅನ್ನೋ ಮಾತು ನನ್ನ ಕಿವಿಗೂ ಬಿತ್ತು.

ಇಂಥ ಸಮಯದಲ್ಲಿ ಎಲ್ಲರೂ ಕೊಡೋ ಉದಾಹರಣೆ ಭರತನಾಟ್ಯ ಕಲಾವಿದೆ ಕಮಲಾ ಅವರದ್ದು: ಬೇಬಿ ಕಮಲಾ ಆಗಿ ಸಿನಿಮಾ ಮಾಡಿ, ನಾಟ್ಯಗುರು ವಳುವೂರ್ ರಾಮಯ್ಯ ಪಿಳ್ಳೈ ಹತ್ರ ಕಲಿತು, 1970ರಲ್ಲಿ ಪದ್ಮಭೂಷಣ ತಗೊಂಡೋರು. ದೊಡ್ಡೋರು, ನಮಸ್ಕಾರ. ಆದ್ರೆ ಅವರನ್ನ ಸಿನಿಮಾಗೆ ಕರ್ಕೊಂಡು ಬಂದಿದ್ದೇ ನಾಟ್ಯ, ನಾನು ಬಂದ ದಾರಿ ಉಲ್ಟಾ, ಹಾಗಾಗಿ ಅವರ ಉದಾಹರಣೆ ನನ್ನ ಭುಜಕ್ಕೆ ಉಪಯೋಗಕ್ಕೆ ಬರಲಿಲ್ಲ.

ಎರಡು ವರ್ಷ ಆ ‘ಕಟ್’ ಅಭ್ಯಾಸದ ಜೊತೆ ಜಗಳ ಆಡಿ ಸೋತ ಮೇಲೆ ಒಂದಿನ ಹೊಳೀತು, ಇದನ್ನ ಬಿಡೋದು ಯಾಕೆ, ಇದರಿಂದಾನೇ ಕಲಿಯೋಣ ಅಂತ. ಶೂಟಿಂಗಲ್ಲಿ ಕ್ಲೈಮ್ಯಾಕ್ಸ್ ಮೊದಲ ವಾರಾನೇ ತೆಗೆದ ಸಿನಿಮಾ ನಾನೇ ಮಾಡಿದೀನಿ. ಹಾಗೇ ನನ್ನ ವರ್ಣವನ್ನೂ 22 ತುಂಡು ಮಾಡಿದೆ. ಮೊದಲು 22ನೇದು ಮಾತ್ರ, ಒಂದು ವಾರ. ಆಮೇಲೆ 21ರಿಂದ ಶುರು ಮಾಡಿ 22ಕ್ಕೆ. ಆಮೇಲೆ 20ರಿಂದ. ಹೀಗೆ ಮಾಡಿದ್ರೆ ಆಗೋದೇನಂದ್ರೆ ಕಾಲು ಸುಸ್ತಾಗ್ತಾ ಹೋದ ಹಾಗೆ ಹೆಚ್ಚು ಹೆಚ್ಚು ಪಳಗಿದ ಜಾಗಕ್ಕೆ ಬರ್ತೀವಿ, ಮಾಮೂಲಿ ಕ್ರಮದಲ್ಲಿ ಕಲಿತ್ರೆ ಪಲ್ಲವಿ ಸಾವಿರ ಸಲ ಆಗಿರುತ್ತೆ, ಚರಣ ನೂರು ಸಲನೂ ಆಗಿರಲ್ಲ. ಟೀಚರ್‌ಗೆ ಹೇಳಿದಾಗ ಎರಡು ವಾರ ಮಾತೇ ಬಿಟ್ರು.

ಕಷ್ಟ ಇರೋದು ಜೋಡಣೆಯಲ್ಲಿ. ತುಂಡು ಮುಗಿದ ಕಡೆ ನಿಲ್ಲಿಸಿದ್ರೆ ಅಲ್ಲೇ ಭುಜ ಬೀಳುತ್ತೆ, ಆ ತಪ್ಪಲ್ಲಿ ನಾಲ್ಕು ತಿಂಗಳು ಹಾಳು ಮಾಡ್ಕೊಂಡೆ. ಯಾವಾಗಲೂ ಮುಂದಿನ ತುಂಡಿನ ಎರಡು ಆವರ್ತನ (ತಾಳದ ಪೂರ್ತಿ ಸುತ್ತು) ಒಳಗೆ ಹೋಗಿ, ನಡುವೆ ನಿಲ್ಲಿಸಬೇಕು. ಉಸಿರು ಎಲ್ಲಿ ತಗೋತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ನನ್ನ ಕ್ಲಾಸಿನ ಮಕ್ಕಳಿಗೆ ಮಾತ್ರ. ಒಟ್ಟು 14 ತಿಂಗಳು ಹಿಡೀತು.

ಮುಖದ್ದು ಬೇರೆ ಕಥೆ. ಕ್ಲೋಸಪ್ ನನಗೆ ಕಲಿಸಿದ್ದು ಹುಬ್ಬು ಕೂದಲೆಳೆಯಷ್ಟು ಎತ್ತೋದು, ಅದು ಏಳನೇ ಸಾಲಿಗೂ ತಲುಪಲ್ಲ. ದೊಡ್ಡದು ಮಾಡಿದೆ, ನೋಡೋಕಾಗ್ತಿರಲಿಲ್ಲ. ಆಗ ಮೈಸೂರು ಶೈಲಿ ಕಡೆ ತಿರುಗಿದೆ. ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರ ಪರಂಪರೆ, ಕೂತಲ್ಲೇ ಪದ, ಜಾವಳಿ ಅನ್ನೋ ಹಾಡುಗಳಿಗೆ ಅಭಿನಯ ಮಾಡೋದು. ಮೂರು ತಿಂಗಳು ಚಾಪೆ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಬರೀ ಜಾವಳಿ. ಫೋನನ್ನ 6 ಅಡಿ, 20 ಅಡಿ, 40 ಅಡಿ ದೂರ ಇಟ್ಟು ರೆಕಾರ್ಡ್ ಮಾಡಿ ನೋಡಿದೆ. 40 ಅಡಿಗೆ ತಲುಪಿದ್ದು ಹುಬ್ಬಲ್ಲ, ಕತ್ತು ಮತ್ತು ಹೊತ್ತು. ಅರ್ಧ ಆವರ್ತನ ಹಿಡೀತಿದ್ದ ನೋಟವನ್ನ ಪೂರ್ತಿ ಒಂದು ಆವರ್ತನ ಹಿಡಿದೆ, ಸಣ್ಣ ಮುಖಾನೇ ಹಿಂದಿನ ಸಾಲಿಗೆ ಹೋಯ್ತು. ಇದು ನಾನೇ ಕಂಡ್ಕೊಂಡಿದ್ದು, ಹೆಮ್ಮೆಯಿಂದಾನೇ ಹೇಳ್ತೀನಿ.

ನಡುವೆ ಆ್ಯಪಲ್ಲಿ ಹಾಡಿನ ವೇಗ ಶೇಕಡ ಹತ್ತು ಏರಿಸಿ ಅಭ್ಯಾಸ ಮಾಡಿ ನೋಡಿದೆ, ಮಾಡ್ಬೇಡಿ, ಸ್ಟೇಜಲ್ಲಿ ನಟುವಾಂಗಕ್ಕಿಂತ (ತಾಳ ಹಿಡಿದು ನೃತ್ಯ ನಡೆಸೋರ ಲಯಕ್ಕಿಂತ) ಮುಂದೆ ಓಡೋಕೆ ಶುರು ಮಾಡ್ತೀವಿ. ಬಾಡಿಗೆ ಮನೆ ಟೈಲ್ಸ್ ಮೇಲೆ ಆರು ತಿಂಗಳು ತಟ್ಟಿ ಹಿಮ್ಮಡಿ ಹಾಳಾಗಿ ಫಿಸಿಯೋಗೇ 18 ಸಾವಿರ ಹೋಯ್ತು. ಅಜ್ಜಿ ಮನೆ ರೆಡ್ ಆಕ್ಸೈಡ್ ನೆಲ ಎಷ್ಟೋ ವಾಸಿ ಅನ್ನಿಸಿತು. ಈಗ ರಬ್ಬರ್ ಮ್ಯಾಟ್ ಮೇಲೆ ಪ್ಲೈವುಡ್ ಹಾಕಿಸಿದೀನಿ, ಏಳು ಸಾವಿರದೊಳಗೆ ಆಯ್ತು, ನೋವಿಲ್ಲ.

ಸೀರಿಯಲ್ಲಲ್ಲಿ ಮಾಡ್ತಿದ್ದ 14 ವರ್ಷದ ಹುಡುಗಿಯೊಬ್ಬಳು ಈ ವರ್ಷ ನನ್ನ ಹತ್ರ ಸೇರಿದಾಳೆ, ಅದೇ ಭುಜ, ನೋಡಿದ ತಕ್ಷಣ ಗುರುತು ಸಿಕ್ತು. ಈಗ 17ನೇ ತುಂಡಲ್ಲಿದಾಳೆ, ಅಂದ್ರೆ ಕೊನೆಯ ಆರು ಕೈಯಲ್ಲಿದೆ. ಅವರಮ್ಮ ಪ್ರತಿ ಭಾನುವಾರ ‘ಮೇಡಂ, ಪಲ್ಲವಿ ಯಾವಾಗ ಶುರು ಮಾಡ್ತೀರಾ’ ಅಂತ ಕೇಳ್ತಾರೆ. ಇನ್ನೂ ಎಂಟು ತಿಂಗಳಾದ್ರೂ ಬೇಕು ಅಂತ ಹೇಳಿದೀನಿ.