ಜೀನ್‌ಗಿಂತ ಮೊದಲು ಜ್ವರ ವಿಚಾರಿಸಿದ್ದು

ಒಂದು ಜೀನ್‌ಗೂ ರಕ್ತದ ಕೊಬ್ಬಿಗೂ ನಂಟಿದೆಯೇ ಎಂದು ತಿಳಿಯಲು ದಾವಣಗೆರೆಯಲ್ಲಿ ಸ್ಥೂಲಕಾಯದವರ ರಕ್ತದ ಮೇಲೆ ನಾನು ನಡೆಸಿದ ಅಧ್ಯಯನದಲ್ಲಿ ಜೀನ್ ಓದುವುದೇ ಎಲ್ಲಕ್ಕಿಂತ ಸುಲಭದ ಭಾಗ. ಆರಿಸಿಕೊಂಡದ್ದು ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನಿನ ಜೀನ್ (ಟಿಎನ್‌ಎಫ್ ಆಲ್ಫಾ), ಅದರಲ್ಲೂ ಮೈನಸ್ 308 ಎಂಬ ಜಾಗ. ಅಲ್ಲಿ ಡಿಎನ್‌ಎಯ ಅಕ್ಷರ ಜಿ ಇರುತ್ತದೆ, ಇಲ್ಲವೇ ಎ. ಎ ಇದ್ದರೆ ಟಿಎನ್‌ಎಫ್ ಹೆಚ್ಚು ತಯಾರಾಗಬಹುದು ಎಂಬುದು ಊಹೆ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ನಲ್ಲಿ 107 ಬೇಸ್ ಜೋಡಿಗಳ (ಅಕ್ಷರ ಜೋಡಿಗಳ) ತುಣುಕು ಮಾಡಿಕೊಂಡು, ಡಿಎನ್‌ಎ ಕತ್ತರಿಸುವ ಎನ್‌ಕೋ-1 ಕಿಣ್ವ ಹಾಕಿದರೆ ಜಿ ಇರುವ ತುಣುಕು 87 ಮತ್ತು 20ಕ್ಕೆ ಕತ್ತರಿಸಿಕೊಳ್ಳುತ್ತದೆ. ಎ ಇರುವುದು ಇಡಿಯಾಗಿ ಉಳಿಯುತ್ತದೆ. ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ 107 ಮತ್ತು 87ರ ಗೆರೆಗಳೆರಡೂ ಕಂಡರೆ ಆ ವ್ಯಕ್ತಿ ಜಿಎ, ಅಂದರೆ ಒಂದು ಪ್ರತಿ ಜಿ, ಇನ್ನೊಂದು ಎ. 20ರ ತುಣುಕು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ, ಅದರ ಗೊಡವೆಯೂ ಬೇಕಿಲ್ಲ.

ಬೊಜ್ಜು ಬೆಳೆದಂತೆ ಕೊಬ್ಬಿನ ಅಂಗಾಂಶದೊಳಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಸೇರಿಕೊಂಡು ಟಿಎನ್‌ಎಫ್ ಸ್ರವಿಸುತ್ತವೆ. ಅದು ಲೈಪೋಪ್ರೋಟೀನ್ ಲೈಪೇಸ್ ಕಿಣ್ವವನ್ನು ತಗ್ಗಿಸುತ್ತದೆ. ರಕ್ತದಲ್ಲಿ ಹರಿಯುವ ಕೊಬ್ಬಾದ ಟ್ರೈಗ್ಲಿಸರೈಡನ್ನು ಒಡೆಯುವ ಕಿಣ್ವ ಅದೇ. ಜತೆಗೆ ಯಕೃತ್ತು ಟ್ರೈಗ್ಲಿಸರೈಡ್ ಹೊತ್ತ ವಿಎಲ್‌ಡಿಎಲ್ ಕಣಗಳನ್ನು ಹೆಚ್ಚಾಗಿ ಹೊರಬಿಡುತ್ತದೆ.

ತೊಡಕು ಇರುವುದೂ ಇಲ್ಲಿಯೇ. ಸೋಂಕು ತಗುಲಿದಾಗಲೂ ಇದೇ ಟಿಎನ್‌ಎಫ್ ಏರುತ್ತದೆ. ಟ್ರೈಗ್ಲಿಸರೈಡ್ ಹೆಚ್ಚಿ ಎಚ್‌ಡಿಎಲ್ (ಒಳ್ಳೆಯದೆನ್ನುವ ಕೊಲೆಸ್ಟರಾಲ್) ಇಳಿಯುತ್ತದೆ. ಆಗ ತೆಗೆದ ರಕ್ತದಲ್ಲಿ ಜೀನ್‌ನ ಪಾಲೆಷ್ಟು, ಜ್ವರದ ಪಾಲೆಷ್ಟು ಎಂದು ಬಿಡಿಸಲಾಗದು. ಹಾಗಾಗಿ ಬಂದವರನ್ನು ಮೊದಲು ವಿಚಾರಿಸುತ್ತಿದ್ದದ್ದು ಜ್ವರ, ಹಲ್ಲಿನ ಕೀವು, ಮಾಯದ ಕಾಲಿನ ಹುಣ್ಣು. ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ಪ್ರೋಟೀನ್ ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಆ ಮಾದರಿಯನ್ನು ಕೈಬಿಟ್ಟು, ಗುಣವಾದ ಮೇಲೆ ಬರಲು ಹೇಳುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಬರಲಿ.

ಉಪವಾಸದ್ದು ಇನ್ನೊಂದು ಪಾಡು: ಉಂಡ ಕೊಬ್ಬೂ ಟ್ರೈಗ್ಲಿಸರೈಡನ್ನು ಏರಿಸುತ್ತದೆ. ಬೆಣ್ಣೆ ದೋಸೆಯ ಊರಿನಲ್ಲಿ ಖಾಲಿ ಹೊಟ್ಟೆ ಎಂದರೇನೆಂದು ಬಿಡಿಸಿಯೇ ಹೇಳಬೇಕು. ಹಿರಿಯರೊಬ್ಬರ ಸೀರಂ (ರಕ್ತಕಣ ಬಿಟ್ಟ ದ್ರವ) ಸೆಂಟ್ರಿಫ್ಯೂಜ್ ಯಂತ್ರದಿಂದ ಹಾಲಿನಂತೆ ಬೆಳ್ಳಗೆ ಹೊರಬಂತು. ಕೇಳಿದರೆ, "ದೋಸೆ ತಿಂದದ್ದು ಆರು ಗಂಟೆಗೆ ಮೇಡಂ, ಈಗ ಒಂಬತ್ತಾಯಿತಲ್ಲ!" ಎಂದರು. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ, ಉಳಿದ ಅಳತೆಗಳಿಂದ ಎಲ್‌ಡಿಎಲ್ (ಕೆಟ್ಟದೆನ್ನುವ ಕೊಲೆಸ್ಟರಾಲ್) ಅಂದಾಜಿಸುವ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುವಂತೆಯೂ ಇಲ್ಲ, ನೇರವಾಗಿಯೇ ಅಳೆಯಬೇಕು.

ಇಷ್ಟೆಲ್ಲ ಸೋಸಿದ ಮೇಲೂ ಎ ಇದ್ದವರಲ್ಲಿ ಕೆಲವರಿಗೆ ರಕ್ತದ ಕೊಬ್ಬು ಏರಿರಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ಉರಿಯೂತ ಹೆಚ್ಚಿದಷ್ಟೂ ಕೊಬ್ಬು ಹೆಚ್ಚುತ್ತದೆ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ: ಉರಿಯೂತದ ಇನ್ನೊಂದು ಪ್ರೋಟೀನ್ ಆದ ಇಂಟರ್‌ಲ್ಯೂಕಿನ್-6 ಅನ್ನು ತಡೆಯುವ ಟೊಸಿಲಿಜುಮಾಬ್ ಔಷಧ ಕೊಟ್ಟಾಗ, ಉರಿಯೂತ ಇಳಿದರೂ ಕೊಲೆಸ್ಟರಾಲ್ ಏರುವುದುಂಟು. ಹಾಗಾಗಿ ಭಾಗವಹಿಸಿದವರ ಕೈಗೆ ರಕ್ತದ ಕೊಬ್ಬಿನ (ಲಿಪಿಡ್) ವರದಿಯನ್ನಷ್ಟೇ ಕೊಟ್ಟೆ. ಮೈನಸ್ 308 ನೋಡಿ ಯಾರ ಮಾತ್ರೆಯೂ ಬದಲಾಗುವುದಿಲ್ಲ.