ಗಂಟಲು ನೋವಿಗೆ ಚೀಪುವ ಮಾತ್ರೆ: ಬಾಯಿಗೆ ಹಾಕುವ ಮೊದಲು ಗಂಟಲು ನೋಡಿ

ಮಳೆಗಾಲ ಬಂತೆಂದರೆ ಕಾರವಾರದ ಮೆಡಿಕಲ್ ಶಾಪ್‌ಗಳಲ್ಲಿ ಒಂದೇ ಮಾತು. ‘ಗಂಟಲು ನೋವಿಗೆ ಒಂದು ಸ್ಟ್ರಿಪ್ ಚೀಪೋ ಮಾತ್ರೆ ಕೊಡಿ.’ ಅದರ ಬೆನ್ನಿಗೇ, ‘ಮೂರು ಮಾತ್ರೆಯ ಆಂಟಿಬಯಾಟಿಕ್ ಕೋರ್ಸ್ ಇದೆಯಲ್ಲ, ಅದೂ ಇರಲಿ.’ ಗಂಟಲನ್ನು ಯಾರೂ ನೋಡಿರುವುದಿಲ್ಲ, ಜ್ವರ ಅಳೆದಿರುವುದಿಲ್ಲ. ಅಂಗಡಿ ಮೆಟ್ಟಿಲು ಇಳಿಯುವಷ್ಟರಲ್ಲಿ ಚೀಪುವ ಮಾತ್ರೆಯನ್ನು ಕಟಕಟ ಜಗಿದು, ಮೇಲೊಂದು ಚಹಾ ಕುಡಿದುಬಿಡುತ್ತಾರೆ. ಮಾತ್ರೆಯ ದುಡ್ಡು ದಂಡ. ಅದಕ್ಕಿಂತ ಬೇಸರದ ಸಂಗತಿ ಎಂದರೆ, ನಿಜವಾಗಿ ಔಷಧಿ ಬೇಕಿದ್ದ ಮಗುವಿಗೆ ಅದು ಹೊತ್ತಿಗೆ ಸಿಗುವುದಿಲ್ಲ.

ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು. ಒಂದು ವಾರದೊಳಗೆ ತಾವಾಗಿಯೇ ಹೋಗುತ್ತವೆ. ಬ್ಯಾಕ್ಟೀರಿಯಾದಿಂದ ಬರುವುದರಲ್ಲಿ ಮುಖ್ಯವಾದದ್ದು ಎ ಗುಂಪಿನ ಸ್ಟ್ರೆಪ್ಟೊಕಾಕಸ್. ಗಂಟಲು ನೋವೆಂದು ಡಾಕ್ಟರ ಬಳಿ ಬರುವ ಮಕ್ಕಳಲ್ಲಿ 100ಕ್ಕೆ 20ರಿಂದ 30 ಮಂದಿಗೆ, ದೊಡ್ಡವರಲ್ಲಿ 5ರಿಂದ 15 ಮಂದಿಗೆ ಇದು ಇರುತ್ತದೆ. ಇವರನ್ನು ಬಿಟ್ಟು ಉಳಿದವರಿಗೆ ಆಂಟಿಬಯಾಟಿಕ್ ಬೇಕಾಗುವುದು ತೀರಾ ಅಪರೂಪ.

ಮೊದಲ ಹಂತ: ಗಂಟಲು ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಬಾಯಿ ತೆರೆಸಿ, ‘ಕೆಂಪಾಗಿದೆ’ ಎಂದು ಹೇಳಿ ಮುಗಿಸುತ್ತಾರೆ. ಗಂಟಲು ನೋವಿದ್ದಾಗ ಯಾರ ಗಂಟಲಾದರೂ ಕೆಂಪೇ ಇರುತ್ತದೆ. ಕವಳ ಹಾಕುವವರದ್ದಂತೂ ನೋವಿಲ್ಲದಾಗಲೂ ಕೆಂಪು. ಬರೀ ಕೆಂಪು ನೋಡಿ ಏನೂ ತಿಳಿಯುವುದಿಲ್ಲ.

ಮೊದಲು ಬಾಯಿ ಮುಕ್ಕಳಿಸಲು ಹೇಳಿ. ಅರಿಶಿನದ ಹಾಲು ಕುಡಿದ ಮಗುವಿನ ಗಂಟಲು ಹಳದಿಯಾಗಿ ಕಾಣುತ್ತದೆ. ಗಂಜಿಯ ಅಗುಳು ಟಾನ್ಸಿಲ್ ಮೇಲೆ ಕೂತರೆ ಕೀವಿನ ಹಾಗೇ ಕಾಣುತ್ತದೆ. ಇದನ್ನು ನೋಡಿ ಹೆದರಿ ಓಡಿದವರಿದ್ದಾರೆ.

ಆಮೇಲೆ ಮಗುವನ್ನು ಕಿಟಕಿಗೆ ಮುಖ ಮಾಡಿ ಕೂರಿಸಿ. ಮೊಬೈಲ್ ಟಾರ್ಚನ್ನು ನಿಮ್ಮ ಕೆನ್ನೆಯ ಪಕ್ಕ ಹಿಡಿಯಿರಿ, ಆಗ ಬೆಳಕು ನೀವು ನೋಡುವ ಕಡೆಗೇ ಬೀಳುತ್ತದೆ. ‘ಆ’ ಎನ್ನಲು ಹೇಳಿ. ಅಷ್ಟಕ್ಕೆ ಕಾಣದಿದ್ದರೆ ಚಮಚದ ಹಿಡಿಯನ್ನು ನಾಲಿಗೆಯ ನಡುವಿನವರೆಗೆ ಮಾತ್ರ ಇಟ್ಟು ಮೆಲ್ಲಗೆ ಒತ್ತಿ. ಇನ್ನೂ ಹಿಂದೆ ಹೋದರೆ ವಾಂತಿ ಬರುತ್ತದೆ, ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಬೆರಳು ಹಾಕುವುದು ಬೇಡವೇ ಬೇಡ.

ಈಗ ನಡುವೆ ನೇತಾಡುವ ಕಿರುನಾಲಿಗೆ ಕಾಣುತ್ತದೆ. ಅದರ ಎರಡೂ ಬದಿಯ ಕಮಾನಿನ ಹಿಂದೆ ಇರುವುದು ಟಾನ್ಸಿಲ್. ಅದು ಊದಿದೆಯಾ? ಅದರ ಮೇಲೆ ಬಿಳಿ ಅಥವಾ ತಿಳಿ ಹಳದಿ ಚುಕ್ಕಿ, ಗೆರೆ ಇದೆಯಾ? ನಾಲಿಗೆ ಮೇಲಿನ ಬಿಳಿ ಲೆಕ್ಕಕ್ಕಿಲ್ಲ. ಬಾಯಿಯ ಮೇಲಿನ ಅಂಗುಳದ ಮೆತ್ತನೆಯ ಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕಿಗಳಿದ್ದರೆ ಅದನ್ನೂ ನೆನಪಿಟ್ಟುಕೊಳ್ಳಿ, ಡಾಕ್ಟರಿಗೆ ಹೇಳಲು ಬೇಕಾಗುತ್ತದೆ.

ಆಮೇಲೆ ಕುತ್ತಿಗೆ. ಮಗುವಿನ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಕಿವಿಯ ಕೆಳಗೆ ದವಡೆ ತಿರುಗುವ ಜಾಗವಿದೆಯಲ್ಲ, ಅದರ ಸ್ವಲ್ಪ ಕೆಳಗೆ, ಕುತ್ತಿಗೆಯ ಮುಂಭಾಗದಲ್ಲಿ ಎರಡೂ ಕಡೆ ಬೆರಳ ತುದಿಯಿಂದ ಉರುಟಾಗಿ ಸವರಿ. ಗಡ್ಡೆ ಸಿಕ್ಕಿ, ಒತ್ತಿದಾಗ ಮಗು ‘ಅಯ್ಯೋ’ ಎಂದರೆ ಅದು ಲೆಕ್ಕಕ್ಕೆ. ಕುತ್ತಿಗೆಯ ಹಿಂಭಾಗದ ಗಡ್ಡೆ ಇದಕ್ಕೆ ಬರುವುದಿಲ್ಲ.

ಕೆಲವರ ಗಂಟಲನ್ನು ಮನೆಯಲ್ಲಿ ನೋಡಲೇಬಾರದು. ಉಗುಳು ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರಾಡುವಾಗ ಸದ್ದು ಬರುತ್ತಿದ್ದರೆ ಚಮಚ ಕೆಳಗಿಟ್ಟು ಹೊರಡಿ. ಟಾನ್ಸಿಲ್ ಮೇಲೆ ಬೂದು ಬಣ್ಣದ ದಪ್ಪ ಪೊರೆ ಕಂಡರೂ ಅಷ್ಟೇ, ಅದು ಗಂಟಲಮಾರಿ (ಡಿಫ್ತೀರಿಯಾ) ಇರಬಹುದು. ಅದನ್ನು ಕೆರೆದು ನೋಡಬೇಡಿ, ರಕ್ತ ಬರುತ್ತದೆ. ಶಿರಸಿ ಕಡೆಯ ಹಳ್ಳಿಗಳವರು ‘ಬೆಳಗಾಗಲಿ’ ಎಂದು ಕಾಯಬೇಡಿ. ರಾತ್ರಿ ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯುವ ಪರಿಸ್ಥಿತಿ ತಂದುಕೊಳ್ಳುವುದಕ್ಕಿಂತ ಸಂಜೆಯೇ ಹತ್ತಿರದ ಆಸ್ಪತ್ರೆ ಸೇರುವುದು ಒಳ್ಳೆಯದು.

ಎರಡನೇ ಹಂತ: ಲೆಕ್ಕ ಹಾಕುವುದು

1981ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು ಸ್ಟ್ರೆಪ್ಟೊಕಾಕಸ್ ಇರಬಹುದೇ ಎಂದು ಅಂದಾಜು ಮಾಡಲು ನಾಲ್ಕು ಗುರುತು ಕೊಟ್ಟರು. 100.4 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಜಾಸ್ತಿ ಜ್ವರ, ಟಾನ್ಸಿಲ್ ಮೇಲೆ ಬಿಳಿ, ಕುತ್ತಿಗೆ ಮುಂದೆ ನೋಯುವ ಗಡ್ಡೆ, ಮತ್ತು ಕೆಮ್ಮು ಇಲ್ಲದಿರುವುದು. ಕೊನೆಯದನ್ನು ಜನ ತಲೆಕೆಳಗು ಮಾಡಿಕೊಳ್ಳುತ್ತಾರೆ. ಕೆಮ್ಮು, ಮೂಗು ಸುರಿಯುವುದು, ಧ್ವನಿ ಒಡೆಯುವುದು ಇದ್ದರೆ ಅದು ವೈರಸ್ ಇರುವ ಸಾಧ್ಯತೆಯೇ ಜಾಸ್ತಿ.

ಒಂದೂ ಇಲ್ಲ, ಅಥವಾ ಒಂದೇ ಇದೆ ಅಂದರೆ ಮನೆಯಲ್ಲೇ ನೋಡಿಕೊಳ್ಳಿ. ಎರಡೋ ಅದಕ್ಕಿಂತ ಜಾಸ್ತಿಯೋ ಇದ್ದರೆ, ಅದರಲ್ಲೂ 5ರಿಂದ 15 ವರ್ಷದ ಮಗುವಾದರೆ, ಡಾಕ್ಟರಿಗೆ ತೋರಿಸಿ. ನಾಲ್ಕೂ ಇದ್ದವರಲ್ಲೂ ಸ್ಟ್ರೆಪ್ಟೊಕಾಕಸ್ ಸಿಗುವುದು ಸುಮಾರು ಅರ್ಧ ಮಂದಿಯಲ್ಲಿ ಮಾತ್ರ. ಹಾಗಾಗಿ ಮನೆಯ ಲೆಕ್ಕ ಇರುವುದು ಡಾಕ್ಟರ ಬಳಿ ಹೋಗಬೇಕೋ ಬೇಡವೋ ಎಂದು ತಿಳಿಯಲಿಕ್ಕೆ. ಔಷಧಿ ನಾವೇ ಆರಿಸಲಿಕ್ಕಲ್ಲ.

ಮೂರನೇ ಹಂತ: ಉಪ್ಪುನೀರು

ಒಂದು ಗ್ಲಾಸ್ ಉಗುರುಬೆಚ್ಚಗಿನ ನೀರು, ಅರ್ಧ ಚಮಚ ಉಪ್ಪು, ಗಳಗಳ ಮಾಡಿ ಉಗಿಯಿರಿ.

ನಾಲ್ಕನೇ ಹಂತ: ಮಾತ್ರೆ ಕೊಳ್ಳುವುದು

ಸ್ಟ್ರಿಪ್ ತಿರುಗಿಸಿ ಓದಿ. ಆಂಟಿಸೆಪ್ಟಿಕ್ ಇರುವ ಮಾತ್ರೆಯಾದರೆ ಡೈಕ್ಲೋರೊಬೆಂಜೈಲ್ ಆಲ್ಕೊಹಾಲ್ 1.2 ಮಿ.ಗ್ರಾಂ, ಅಮೈಲ್‌ಮೆಟಾಕ್ರೆಸಾಲ್ 0.6 ಮಿ.ಗ್ರಾಂ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಸ್ಟ್ರೆಪ್ಸಿಲ್ಸ್‌ನಲ್ಲಿ ಇರುವುದು ಇದೇ ಜೋಡಿ. ಬರೀ ಮೆಂಥಾಲ್ ಇದ್ದರೆ ಅದು ತಂಪು ಕೊಡುವ ಪೆಪ್ಪರ್‌ಮಿಂಟು, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಬೆಂಜೊಕೇನ್ ಇರುವುದು ಗಂಟಲನ್ನು ಜೋಮು ಹಿಡಿಸುತ್ತದೆ. ಜೋಮು ಬಿಡುವವರೆಗೆ ಬಿಸಿ ಕಷಾಯ ಕುಡಿಯಬೇಡಿ, ಸುಟ್ಟದ್ದೇ ಗೊತ್ತಾಗುವುದಿಲ್ಲ. ಗೂಡಂಗಡಿಯ ಡಬ್ಬಿಯಲ್ಲಿ ಬಿಡಿಯಾಗಿ ಸಿಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಕರಾವಳಿಯ ತೇವಕ್ಕೆ ಅದು ಅಂಟಂಟಾಗಿರುತ್ತದೆ, ಒಳಗೇನಿದೆ ಎಂದು ಓದಲು ಕವರೂ ಇರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಶುಗರ್‌ಫ್ರೀ ಕೇಳಿ.

ಐದನೇ ಹಂತ: ಚೀಪುವುದು

ಜಗಿಯಬೇಡಿ, ನುಂಗಬೇಡಿ. ನಾಲಿಗೆ ಮೇಲೆ ಇಟ್ಟು, ಆಗಾಗ ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸುತ್ತಾ ತಾನಾಗಿ ಕರಗಲು ಬಿಡಿ. ಒಂದೇ ಕಡೆ ಇಟ್ಟರೆ ಅಲ್ಲಿ ಬಾಯಿ ಉರಿಯುತ್ತದೆ. ಕರಗಿದ ಉಗುಳನ್ನು ಸ್ವಲ್ಪ ಸ್ವಲ್ಪವೇ ನುಂಗಿ. ಆಮೇಲೆ ಸ್ವಲ್ಪ ಹೊತ್ತು ನೀರು, ಚಹಾ ಏನೂ ಬೇಡ, ಔಷಧಿ ತೊಳೆದು ಹೋಗುತ್ತದೆ. ಉಪ್ಪುನೀರು ಮುಕ್ಕಳಿಸುವುದಿದ್ದರೆ ಮೊದಲೇ ಮುಗಿಸಿ. 2-3 ಗಂಟೆಗೆ ಒಂದರಂತೆ, ದಿನಕ್ಕೆ ಎಷ್ಟು ಎಂಬುದನ್ನು ಕವರ್ ಮೇಲೆ ನೋಡಿ. 6 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ಅವರಿಗೆ ಜೇನುತುಪ್ಪ ಸಾಕು, ಅದೂ ಒಂದು ವರ್ಷ ತುಂಬಿದ ಮೇಲೆ. ಮಲಗಿಕೊಂಡು ಚೀಪುವುದು ದೊಡ್ಡವರಿಗೂ ಬೇಡ.

ಇಷ್ಟು ಸರಿಯಾಗಿ ಚೀಪಿದರೂ ಈ ಮಾತ್ರೆ ಮಾಡುವ ಕೆಲಸ ನೋವು ತಗ್ಗಿಸುವುದು, ಅಷ್ಟೇ. ಪ್ರಯೋಗಾಲಯದ ತಟ್ಟೆಯಲ್ಲಿ ಈ ಆಂಟಿಸೆಪ್ಟಿಕ್‌ಗಳು ಬ್ಯಾಕ್ಟೀರಿಯಾವನ್ನು ಕೆಲವೇ ನಿಮಿಷದಲ್ಲಿ ಕೊಲ್ಲುತ್ತವೆ, ನಿಜ. ಬಾಯಲ್ಲಿ ಉಗುಳು ಅದನ್ನು ತೆಳುಮಾಡಿ ಹೊಟ್ಟೆಗೆ ಒಯ್ಯುತ್ತದೆ. ಸ್ಟ್ರೆಪ್ಟೊಕಾಕಸ್ ಇರುವುದು ಟಾನ್ಸಿಲ್‌ನ ಆಳದ ಮಡಿಕೆಗಳಲ್ಲಿ. ಅಲ್ಲಿಗೆ ಇದು ಮುಟ್ಟುವುದಿಲ್ಲ.

ರಾತ್ರಿಯಿಡೀ ಹಾಡುವ ಯಕ್ಷಗಾನದ ಭಾಗವತರಿಗೆ, ದಿನವಿಡೀ ಕೂಗುವ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮದು ದಣಿದ ಗಂಟಲು. ಮಾತ್ರೆ ಚೀಪಿ ನೋವು ಮರೆಸಿ ಮತ್ತೆ ಹಾಡಿದರೆ ಪೆಟ್ಟು ಜಾಸ್ತಿಯಾಗುತ್ತದೆ. ನೀರು ಕುಡಿದು ಸುಮ್ನೆ ಇರಿ.

ಆರನೇ ಹಂತ: ಡಾಕ್ಟರ ಬಳಿ

ಗಂಟಲ ದ್ರವದ ಪರೀಕ್ಷೆ ಮಾಡಿಸಬಹುದಾ ಎಂದು ಕೇಳಿ. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಆದರೆ ಒಂದೆರಡು ದಿನ ಹಿಡಿಯುತ್ತದೆ. ಕಾದರೆ ತೊಂದರೆಯಿಲ್ಲ. ನೋವು ಶುರುವಾಗಿ 9 ದಿನದೊಳಗೆ ಆಂಟಿಬಯಾಟಿಕ್ ಶುರುಮಾಡಿದರೂ ರುಮ್ಯಾಟಿಕ್ ಜ್ವರವನ್ನು (ಈ ಸೋಂಕಿನ ನಂತರ ಕೀಲು, ಹೃದಯಕ್ಕೆ ಬರುವ ಕಾಯಿಲೆ) ತಡೆಯಬಹುದು. ಸ್ಟ್ರೆಪ್ಟೊಕಾಕಸ್ ಎಂದಾದರೆ ಮೊದಲ ಆಯ್ಕೆ ಇಂದಿಗೂ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, 10 ದಿನ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮೂರನೇ ದಿನಕ್ಕೆ ಮಗು ಆಡಲು ಓಡುತ್ತದೆ, ಸ್ಟ್ರಿಪ್ ಅಲ್ಲೇ ಉಳಿಯುತ್ತದೆ. ಉಳಿಯಬಾರದು. ಆ ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡಲೂಬಾರದು. ಕೆಂಪು ಗೆರೆ ಇರುವ ಸ್ಟ್ರಿಪ್ ಚೀಟಿಯಿಲ್ಲದೆ ಕೊಳ್ಳುವಂಥದ್ದಲ್ಲ.

ಗಂಟಲು ವಾಸಿಯಾಗಿ ಎರಡು ಮೂರು ವಾರದ ನಂತರ ಮಗುವಿನ ಮಂಡಿ, ಮೊಣಕೈ ಒಂದಾದ ಮೇಲೊಂದು ಊದಿಕೊಂಡು ನೋಯುತ್ತಿದ್ದರೆ, ಅಥವಾ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ಅದೇ ದಿನ ತೋರಿಸಿ. ರುಮ್ಯಾಟಿಕ್ ಜ್ವರ ಬರುವುದು ಹೀಗೆ, ಹೃದಯದ ಕವಾಟ ಹಾಳಾಗುವುದೂ ಇದರಿಂದಲೇ. ಡಾಕ್ಟರ್ ಕೇಳದಿದ್ದರೂ ಹಿಂದೆ ಗಂಟಲು ನೋವು ಬಂದಿತ್ತು ಎಂಬುದನ್ನು ನೀವಾಗಿಯೇ ಹೇಳಿ.