ಕ್ಯಾಮ್ ಕೊಳ್ಳುವ ಮುಂಚೆ ಟೈರ್ ಅಳೆಯಿರಿ

ಡೆಟ್ರಾಯ್ಟ್ ಹತ್ತಿರ ಇರುವ ನನ್ನ ಗೆಳೆಯನೊಬ್ಬ ಹಳೆ ಶೆವ್ರೊಲೆ ನೋವಾ ಕೊಂಡ. 350 ಎಂಜಿನ್, ಅಂದರೆ 5.7 ಲೀಟರಿನ ವಿ8. ಐಡ್ಲಿಂಗಿನಲ್ಲಿ ಗುಡುಗುಡು ಅನ್ನಲಿ ಅಂತ ದೊಡ್ಡ ಕ್ಯಾಮ್, ಅಂದರೆ ವಾಲ್ವ್ ತೆರೆದು ಮುಚ್ಚಿಸುವ ಶಾಫ್ಟ್, ಹಾಕಿಸಿದ. ಆಕ್ಸಲ್ ಅನುಪಾತ 2.73, ಅಂದರೆ ಹಿಂದಿನ ಚಕ್ರ ಒಂದು ಸುತ್ತು ಹಾಕಲು ಡ್ರೈವ್‌ಶಾಫ್ಟ್ 2.73 ಸುತ್ತು. ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ದಾಟಿಸುವ ಕನ್ವರ್ಟರ್ ಹಳೆಯದೇ. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಆಫ್. ಐಡ್ಲಿಂಗ್ ಏರಿಸಿದರೆ ಬ್ರೇಕ್ ಒತ್ತಿದ್ದರೂ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು. ಹಸಿರು ಬಿದ್ದಾಗ ಪಕ್ಕದ ಮಿನಿವ್ಯಾನೇ ಮುಂದೆ ಹೋಯಿತು!

ಎಲ್ಲರೂ ಕ್ಯಾಮಿನಿಂದ ಶುರು ಮಾಡುತ್ತಾರೆ. ನೀವು ಹಿಂದಿನ ಚಕ್ರದಿಂದ ಶುರು ಮಾಡಿ.

ಮೊದಲು ಟೈರಿನ ಎತ್ತರವನ್ನು ಇಂಚಿನಲ್ಲಿ ಅಳೆಯಿರಿ. ಮೈಲಿ ವೇಗ, ಆಕ್ಸಲ್ ಅನುಪಾತ, 336 ಇವನ್ನು ಗುಣಿಸಿ ಆ ಎತ್ತರದಿಂದ ಭಾಗಿಸಿದರೆ, ಓವರ್‌ಡ್ರೈವ್ (ಹೈವೇಯಲ್ಲಿ ಆರ್‌ಪಿಎಂ ಇಳಿಸುವ ಹೆಚ್ಚಿನ ಗೇರ್) ಇಲ್ಲದ ಗಾಡಿಯಲ್ಲಿ ಟಾಪ್ ಗೇರಿನ ಆರ್‌ಪಿಎಂ ಸಿಗುತ್ತದೆ. 26 ಇಂಚಿನ ಟೈರ್, 60 ಮೈಲಿ ವೇಗ, 3.42 ಆಕ್ಸಲ್ ಆದರೆ ಸುಮಾರು 2650. ಮೂರೇ ಗೇರಿನ ಟರ್ಬೊ 350 ಗೇರ್‌ಬಾಕ್ಸಿಗೆ 3.42ಕ್ಕಿಂತ ಜಾಸ್ತಿ ಬೇಡ. 3.73 ಬೇಕೇ ಬೇಕು ಅಂದರೆ ಓವರ್‌ಡ್ರೈವ್ ಇರುವ 700ಆರ್4 ಗೇರ್‌ಬಾಕ್ಸ್ ಹುಡುಕಿ.

ಈಗ ಕ್ಯಾಮ್. ಡಬ್ಬದ ಮೇಲಿನ ದೊಡ್ಡ ನಂಬರ್ ಬಿಡಿ, 0.050 ಇಂಚು ಲಿಫ್ಟಿನಲ್ಲಿ, ಅಂದರೆ ಕ್ಯಾಮ್ ಮೇಲೆ ಕೂರುವ ಟ್ಯಾಪೆಟ್ ಕನಿಷ್ಠ ಅಷ್ಟು ಎದ್ದಿರುವಾಗ, ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುತ್ತದೆ ಅಂತ ನೋಡಿ. ಕಂಪ್ರೆಶನ್ ಅನುಪಾತ (ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವುದು) 9ರ ಆಸುಪಾಸು ಇದ್ದರೆ 210ರಿಂದ 218 ಡಿಗ್ರಿ ಸಾಕು. ಅದಕ್ಕಿಂತ ದೊಡ್ಡದಾದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಒಳಗೆ ಬಂದ ಗಾಳಿ ವಾಪಸ್ ಹೋಗುತ್ತದೆ, ಪಿಕಪ್ ಸತ್ತುಹೋಗುತ್ತದೆ.

ಜನ ಎಡವುವುದು ಕನ್ವರ್ಟರಿನಲ್ಲಿ. ಬ್ರೇಕ್ ಹಿಡಿದು ಆಕ್ಸಲರೇಟರ್ ಒತ್ತಿದರೆ ಎಂಜಿನ್ ಎಷ್ಟು ಆರ್‌ಪಿಎಂಗೆ ಏರಿ ನಿಲ್ಲುತ್ತದೋ ಅದೇ ಸ್ಟಾಲ್. ಸ್ಟಾಲ್ 2400 ಅಂತ ಬರೆದಿದ್ದರೆ ಅದು ಕಲ್ಲಿನಲ್ಲಿ ಕೆತ್ತಿದ ಲೆಕ್ಕವಲ್ಲ. ಟಾರ್ಕ್ ಕಡಿಮೆ ಇರುವ ಎಂಜಿನ್ನಿನಲ್ಲಿ ಅದೇ ಕನ್ವರ್ಟರ್ 2000ಕ್ಕೇ ನಿಂತುಬಿಡಬಹುದು. ಹಾಗಾಗಿ ಗಾಡಿಯ ತೂಕ, ಆಕ್ಸಲ್, ಕ್ಯಾಮ್ ಜೊತೆ ಬರುವ ಕಾರ್ಡಿನ ಅಳತೆ ಎಲ್ಲ ಹೇಳಿಯೇ ಕೊಳ್ಳಿ. ಸ್ಟಾಲ್ ನಿಮ್ಮ ಹೈವೇ ಆರ್‌ಪಿಎಂಗಿಂತ ಕೆಳಗಿರಲಿ, ನಮ್ಮ ಲೆಕ್ಕಕ್ಕೆ 2000ರಿಂದ 2400. ಮೇಲೆ ಹೋದರೆ ಕನ್ವರ್ಟರ್ ದಾರಿಯುದ್ದಕ್ಕೂ ಜಾರುತ್ತಾ ಗೇರ್‌ಬಾಕ್ಸ್ ಆಯಿಲ್ ಸುಡುತ್ತದೆ. ಆ ಆಯಿಲಿಗೆ ಕೂಲರ್ ಬೇರೆಯದೇ ಹಾಕಿ. ಹಳೆ ಕನ್ವರ್ಟರನ್ನು ತೊಳೆದು ಬಣ್ಣ ಬಳಿದು ಮಾರುವ ಅಗ್ಗದ ಮಾಲು ಮುಟ್ಟಲೇಬೇಡಿ.

ಕನ್ವರ್ಟರ್ ಕೂರಿಸುವ ಮುಂಚೆ ಅದರೊಳಗೆ ಒಂದು ಲೀಟರ್ ಗೇರ್‌ಬಾಕ್ಸ್ ಆಯಿಲ್ ಹಾಕಿ. ಆಮೇಲೆ ತಿರುಗಿಸುತ್ತಾ ಗೇರ್‌ಬಾಕ್ಸಿನೊಳಕ್ಕೆ ಒತ್ತಿ. ಟಕ್ ಅಂತ ಒಂದು ಸಲ ಕೂತರೆ ಮುಗಿಯಲಿಲ್ಲ, ಇನ್ನೂ ಒತ್ತಿ. ಗೇರ್‌ಬಾಕ್ಸಿನ ಶಾಫ್ಟ್, ಸ್ಟೇಟರಿನ ಹಲ್ಲು, ಆಯಿಲ್ ಪಂಪ್ ಮೂರೂ ಹಿಡಿಯಬೇಕು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಅದಕ್ಕೂ ಎಂಜಿನ್ನಿನ ಹಿಂಬದಿಯ ತೆಳು ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಉಳಿಯಬೇಕು. ಸಂದೇ ಇಲ್ವಾ? ಬೋಲ್ಟ್ ಎಳೆದು ಬಿಗಿಯಬೇಡಿ, ಬಿಚ್ಚಿ. ಗೆಳೆಯನ ಮೆಕ್ಯಾನಿಕ್ ಎಳೆದು ಬಿಗಿದ. ಪಂಪ್ ಒಡೆದು, ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ನೆಲಕ್ಕೆ.

ನಿಮ್ಮದು ಫ್ಲಾಟ್ ಟ್ಯಾಪೆಟ್ (ರೋಲರ್ ಇಲ್ಲದ) ಕ್ಯಾಮ್ ಆದರೆ ಜಿಂಕ್ ಇರುವ ಎಂಜಿನ್ ಆಯಿಲ್ ಹಾಕಿ, ಮೊದಲ ಸ್ಟಾರ್ಟಿನಲ್ಲಿ 20 ನಿಮಿಷ 2000 ಆರ್‌ಪಿಎಂಗಿಂತ ಕೆಳಗೆ ಬಿಡಬೇಡಿ. ಸದ್ದು ಹೇಗಿದೆ ಅಂತ ಕೇಳೋಕೆ ಐಡ್ಲಿಂಗಿಗೆ ಇಳಿಸುವ ಆಸೆ ಆಗುತ್ತದೆ. ಆ ಆಸೆಗೆ ಲೋಬ್ (ವಾಲ್ವ್ ಎತ್ತುವ ಉಬ್ಬು) ಸವೆದುಹೋದ ಕ್ಯಾಮ್ ಇನ್ನೂ ನನ್ನ ಗ್ಯಾರೇಜಿನ ಮೂಲೆಯಲ್ಲಿದೆ.